ಅಮೋಘಸಿದ್ಧ ಕೈ ಮುಗಿದ ನೀರು

ಇಂಡಿ ಊರಲ್ಲಿ ನಮ್ಮ ಓಣಿಯ ಅಮೋಘಸಿದ್ಧ ಕುರಿಗಾರರ ಮನೆಯವನು. ಕುರಿ ಬಿಟ್ಟು ಬಾವಿ ತೋಡುವ ಕೆಲಸ ಹಿಡಿದ. ಅವನು ತಳದಲ್ಲಿದ್ದರೆ ಸಿಂದಗಿಯ ಗೆಳೆಯ ನಿಯಾಜ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದ. ನೀರಿನ ಸೆಲೆ ಒಡೆದ ಕೂಡಲೇ ಅಮೋಘಸಿದ್ಧ ಸಲಿಕೆ ಬಿಟ್ಟು, ಕೈ ಮುಗಿದು, "ಗಂಗವ್ವ ಬಂದ್ಲೋ!" ಎಂದು ಕೂಗುವನು. ಆಮೇಲೆ ನಿಯಾಜ ಅವನನ್ನು ಮೇಲೆಳೆಯುವನು. ಇಬ್ಬರೂ ತೋಡಿದ ಕೊನೆಯ ಬಾವಿ ನಿಯಾಜನ ಹಿತ್ತಲಲ್ಲೇ ಇದೆ.

ಬೋರ್‌ವೆಲ್ ಲಾರಿಗಳು ಬಂದ ಮೇಲೆ ಇವರನ್ನು ಕೇಳುವವರಿಲ್ಲವಾಯಿತು. ಹೋದ ವರ್ಷ ದೂರದ ರಾಜ್ಯವೊಂದರಲ್ಲಿ ನದಿಯ ಕೆಳಗೆ ರಸ್ತೆ ಸುರಂಗ ತೋಡಲು ಹೋದರು. ಹೊಳೆಯ ಕೆಳಗೆ ಲಾರಿಗಳು ಓಡುತ್ತವೆ ಎಂದು ಅವರು ಹೇಳಿದಾಗ ನಾನಂತೂ ನಕ್ಕುಬಿಟ್ಟೆ.

ಅಲ್ಲಿನ ಎಂಜಿನಿಯರ್ ಕೋಮಲ ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಹೇಳಿದ್ದರಂತೆ. ಸುಮಾರು ಇನ್ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಥೇಮ್ಸ್ ನದಿಯ ಕೆಳಗೆ, ಗಾಡಿ ಓಡಿಸಲೆಂದು ಸುರಂಗ ತೋಡಿದಾಗ ನದಿ ಮತ್ತೆ ಮತ್ತೆ ಒಳಗೆ ನುಗ್ಗಿತ್ತು, ಕೂಲಿಗಳು ಸತ್ತಿದ್ದರು. ಈಗ ಯಂತ್ರಗಳಿವೆ, ಆದರೂ ನೀರು ಕಂಡರೆ ಓಡಲೇಬೇಕು. ಅಮೋಘಸಿದ್ಧ ತಲೆಯಾಡಿಸಿದ್ದ.

ಹೋಗಲು ಒಂದು, ಬರಲು ಒಂದು ಎಂದು ತೋಡಿದ್ದ ಎರಡು ಸುರಂಗಗಳ ನಡುವಿನ ಅಡ್ಡದಾರಿಯನ್ನು ಕೈಯಿಂದಲೇ ತೋಡುತ್ತಿದ್ದಾಗ ಗೋಡೆಯಿಂದ ನೀರು ಚಿಮ್ಮಿತು. ಎಲ್ಲರೂ ಓಡಿದರು. ಅಮೋಘಸಿದ್ಧ ಸಲಿಕೆ ಬಿಟ್ಟು ಕೈ ಮುಗಿದು ನಿಂತ! ಹೊರಗೆ ದಾಟಿದ್ದ ನಿಯಾಜ ತಿರುಗಿ ಬಂದು, ಅವನನ್ನು ಎಳೆದು ನೀರು ತಡೆಯಲು ಇಟ್ಟಿದ್ದ ಕಬ್ಬಿಣದ ಬಾಗಿಲಾಚೆ ನೂಕಿದ. ಅಷ್ಟರಲ್ಲಿ ನುಗ್ಗಿದ ರಾಡಿ ನಿಯಾಜನನ್ನು ಹಿಂದಕ್ಕೆ ಸೆಳೆಯಿತು. ಹೊರಗಿನವರು ಬಾಗಿಲು ಮುಚ್ಚಲೇಬೇಕಾಯಿತು. ನಿಯಾಜ ಒಳಗೇ ಉಳಿದ.

ನಿಯಾಜನ ತಾಯಿ ಶಮಶಾದಬಿಯನ್ನು ಕಾಣಲು ನಾನೇ ಅಮೋಘಸಿದ್ಧನನ್ನು ಸಿಂದಗಿಗೆ ಕರೆದೊಯ್ದೆ. ಬಸ್ಸಿನುದ್ದಕ್ಕೂ ಒಂದೇ ಮಾತು: "ಆಕಿ ಕೇಳಿದ್ರ ಏನ್ ಹೇಳ್ಲೋ?"

"ಮಣ್ಣು ಕುಸೀತು ಅನ್ನು, ಸಾಕು," ಎಂದೆ.

ಶಮಶಾದಬಿ ಕೇಳಿಯೇ ಬಿಟ್ಟರು: "ಹೊರಗ ಬಂದಿದ್ದನಂತ ನನ್ನ ಮಗಾ. ಮತ್ತ ಯಾಕ ಒಳಗ ಹೋದ?"

"ನನ್ನ ಸಲುವಾಗಿ ರೀ, ಚಾಚಿ. ನೀರು ಬಂತು. ನಾ ಓಡ್ಲಿಲ್ಲ. ಕೈ ಮುಗದು ನಿಂತೆ."

ಶಮಶಾದಬಿ ಎದ್ದು ಒಳಗೆ ಹೋದರು. ಇನ್ನು ನಮ್ಮನ್ನು ಹೊರಗೆ ಹಾಕುತ್ತಾರೆಂದು ನಾನೂ ಎದ್ದು ನಿಂತೆ. ಅವರು ಹಿತ್ತಲ ಬಾವಿಯ ನೀರನ್ನು ತಂಬಿಗೆಯಲ್ಲಿ ತಂದು ಅವನ ಮುಂದೆ ಇಟ್ಟರು. ರೂಢಿಯಂತೆ ಅಮೋಘಸಿದ್ಧನ ಎರಡೂ ಕೈ ಕೂಡಿದವು.

"ಕೈ ಮುಗೀಬ್ಯಾಡ," ಎಂದರು ಶಮಶಾದಬಿ. "ಕುಡಿ."