ಎಲ್ಲರಿಗೂ ಕೇಳುತ್ತದೆ ಅಂದುಕೊಂಡಿದ್ದವಳು

ಹೊಲಿಗೆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪರದೆ ಅಕ್ಕ ಎಂದೇ ಕರೆಯುತ್ತಿದ್ದರು. ಹೋಟೆಲು, ಆಸ್ಪತ್ರೆ, ಸಭಾಂಗಣಗಳ ಕಿಟಕಿಗೆ ಪರದೆ ಕತ್ತರಿಸುವುದು ಅವಳ ಕೆಲಸ. ಉದ್ದನೆಯ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದ ಗೆರೆ ಎಳೆದು ಕತ್ತರಿ ಇಟ್ಟಳೆಂದರೆ ಮುಗಿಯಿತು, ಮತ್ತೆ ಅಳೆಯುವ ಮಾತೇ ಇಲ್ಲ. ನಲವತ್ತು ದಾಟಿದ್ದರೂ ಮದುವೆಯ ಗೋಜಿಗೆ ಹೋದವಳಲ್ಲ. ಅಪ್ಪ ಅಮ್ಮ ತೀರಿಕೊಂಡ ಮೇಲೆ, ತನಗಿಂತ ಎಷ್ಟೋ ಚಿಕ್ಕವಳಾದ ತಂಗಿಯನ್ನು ಅವಳೇ ಸಾಕಿ ಬೆಳೆಸಿದ್ದಳು. ತಂಗಿ ಪೇಟೆಯ ಚಪ್ಪಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಒಂದು ಹಳೇ ಕಟ್ಟಡದ ಮೇಲಿನ ಮಹಡಿಯಲ್ಲಿ, ಎರಡು ಕೋಣೆಯ ಮನೆಯಲ್ಲಿದ್ದರು.

ಒಂದು ಬೆಳಿಗ್ಗೆ ಆರೋಗ್ಯ ಕಚೇರಿಯ ಹುಡುಗಿಯೊಬ್ಬಳು ಕಾರ್ಖಾನೆಗೆ ಬಂದಳು. ಮನಸ್ಸಿನ ಕಾಯಿಲೆ ಬೇರೂರುವ ಮೊದಲೇ ಪತ್ತೆಯಾದರೆ ಗುಣಪಡಿಸುವುದು ಸುಲಭ, ಅದಕ್ಕಾಗಿ ಊರಿನ ಎಲ್ಲರನ್ನೂ ಒಂದಿಷ್ಟು ಪ್ರಶ್ನೆ ಕೇಳುತ್ತಿದ್ದೇವೆ ಎಂದಳು. ಒಬ್ಬೊಬ್ಬರನ್ನೇ ಪಕ್ಕದ ಕೋಣೆಗೆ ಕರೆಯುತ್ತೇನೆಂದರೆ ಮಾಲೀಕರು ಒಪ್ಪಲಿಲ್ಲ. ಕೆಲಸ ನಿಲ್ಲಬಾರದು, ಇಲ್ಲೇ ಕೇಳಿ ಎಂದುಬಿಟ್ಟರು. ಹುಡುಗಿ ಮುಖ ಸಣ್ಣ ಮಾಡಿಕೊಂಡು ಇಸ್ತ್ರಿಯವನಿಂದ ಶುರುಮಾಡಿದಳು.

"ಯಾರೋ ನಿಮ್ಮ ಮೇಲೆ ಕಣ್ಣಿಟ್ಟಿದ್ದಾರೆ ಅನ್ಸುತ್ತಾ?"

"ಮಾಲೀಕರು ಇಟ್ಟಿದ್ದಾರೆ. ಬಚ್ಚಲಿಗೆ ಹೋದ್ರೂ ಗಡಿಯಾರ ನೋಡ್ತಾರೆ."

"ನಿಮ್ಮ ಮನಸ್ಸಲ್ಲಿರೋದು ಬೇರೆಯವರಿಗೆ ಗೊತ್ತಾಗಿಬಿಡುತ್ತೆ ಅನ್ಸುತ್ತಾ?"

"ನಾನು ಬಾಯಿ ತೆರೆಯೋಕೆ ಮುಂಚೆನೇ ನನ್ನ ಹೆಂಡತಿಗೆ ಗೊತ್ತಾಗುತ್ತೆ."

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿಯೂ ನಕ್ಕಳು. ಆಮೇಲೆ ಪರದೆ ಅಕ್ಕನ ಸರದಿ. ಬಟ್ಟೆಯ ಮೇಲಿನ ಕಣ್ಣು ತೆಗೆಯದೆ ಅವಳು ಹೂಂ, ಊಹೂಂ ಎನ್ನುತ್ತಾ ಹೋದಳು.

"ಹತ್ತಿರ ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕೇಳಿದ್ದಿದೆಯಾ?"

"ಹೂಂ ಮತ್ತೆ. ಕೇಳದೆ ಇರುತ್ತಾ?"

ಉತ್ತರ ಬರೆದುಕೊಳ್ಳುತ್ತಿದ್ದ ಹುಡುಗಿಯ ಕೈ ನಿಂತಿತು. "ಅಂದ್ರೆ, ಕಿವಿಗೆ ಕೇಳುತ್ತಾ? ನಿಜವಾಗಿ?"

"ಬಲಗಿವಿಯ ಹಿಂದೆ. ನಮ್ಮಪ್ಪನ ಥರದ ದನಿ. ಕತ್ತರಿಸುವಾಗ, ಇನ್ನೊಂದು ಬೆರಳಷ್ಟು ಬಟ್ಟೆ ಬಿಡು ಅನ್ನುತ್ತೆ. ಬಿಡ್ತೀನಿ." ಮಾತು ಮುಗಿದಾಗಲೇ ಅವಳಿಗೆ ಹೊಲಿಗೆ ಯಂತ್ರಗಳ ಸದ್ದು ನಿಂತಿರುವುದು ಗೊತ್ತಾದದ್ದು. ತಲೆ ಎತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ನಿಮಗೆ ಕೇಳಲ್ವಾ?" ಎಂದಳು. ಇಸ್ತ್ರಿಯವನ ಕಡೆ ತಿರುಗಿ, "ನಿನಗೆ?" ಎಂದಳು. ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುತ್ತಿದ್ದ ಅವನು ಇಲ್ಲವೆಂದು ತಲೆಯಾಡಿಸಿದ.

ಅವಳಿಗೆ ದಿಗಿಲಾಯಿತು. ತನಗೆ ಕೇಳುತ್ತದೆ ಎನ್ನುವುದಕ್ಕಲ್ಲ. ಅದು ಅವಳಿಗೆ ಹಸಿವು ನಿದ್ದೆಯಷ್ಟೇ ಮಾಮೂಲು. ಇಷ್ಟು ವರ್ಷ ಒಟ್ಟಿಗೆ ಕೂತು ಉಂಡ ಇವರ ಯಾರ ಕಿವಿಯಲ್ಲೂ ಏನೂ ಇರಲಿಲ್ಲವಲ್ಲ ಎಂದು. ಸ್ವಲ್ಪ ಹೊತ್ತಿನ ಮೇಲೆ ಕತ್ತರಿಗೆ ಕೈ ಚಾಚಿದರೆ ಅದು ಅಲ್ಲಿರಲಿಲ್ಲ. ಪಕ್ಕದ ಮೇಜಿನ ಗೆಳತಿ, ದಿನಾ ಅವಳ ಬುತ್ತಿಯಲ್ಲಿ ಪಾಲು ತೆಗೆದುಕೊಳ್ಳುತ್ತಿದ್ದವಳು, ಸದ್ದಿಲ್ಲದೆ ಅದನ್ನು ತನ್ನ ಕಡೆ ಸರಿಸಿಕೊಂಡಿದ್ದಳು.

ಹುಡುಗಿ ಹೊರಗೆ ಕರೆದುಕೊಂಡು ಹೋಗಿ, ಎಲ್ಲರ ಮುಂದೆ ಕೇಳಿದ್ದು ತಪ್ಪಾಯಿತು ಎಂದು ಕೈ ಹಿಡಿದುಕೊಂಡಳು. ಒಂದು ಸಲ ಡಾಕ್ಟರನ್ನು ನೋಡಿ ಎಂದು ವಿಳಾಸ ಕೊಟ್ಟಳು. ಪರದೆ ಅಕ್ಕ ಅಂದೇ ಮಧ್ಯಾಹ್ನ ಹೋದಳು.

ಡಾಕ್ಟರು ವಯಸ್ಸಾದ ಹೆಂಗಸು, ನಿಧಾನದ ಮಾತು. ಆ ದನಿ ಬೈಯುತ್ತದೆಯೇ, ಹೆದರಿಸುತ್ತದೆಯೇ, ನಿದ್ದೆ ಕೆಡಿಸುತ್ತದೆಯೇ ಎಂದು ವಿಚಾರಿಸಿದರು. ಎಲ್ಲಕ್ಕೂ ಇಲ್ಲವೆಂದಾಗ ಕುರ್ಚಿಗೆ ಒರಗಿದರು.

"ನೋಡಮ್ಮಾ, ಈ ಪ್ರಶ್ನೆಗಳಿಗೆ ಹೌದು ಅಂದೋರಲ್ಲಿ ಎಷ್ಟೋ ಜನಕ್ಕೆ ಕಾಯಿಲೆ ಇರೋದಿಲ್ಲ. ನಿಮಗೂ ಇದ್ದ ಹಾಗೆ ಕಾಣಲ್ಲ. ಆಗಾಗ ಬಂದು ಹೋಗ್ತಿರಿ, ಸಾಕು. ಮನೆಯಲ್ಲಿ ಬೇರೆ ಯಾರಿಗಾದ್ರೂ ಹೀಗೆ ಕೇಳುತ್ತಾ?"

"ಇಲ್ಲ" ಎನ್ನಲು ಬಾಯಿ ತೆರೆದವಳು ಹಾಗೇ ಉಳಿದಳು.

ಕೆಲವು ವಾರಗಳ ಹಿಂದೆ ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಯಾರೂ ಇಲ್ಲದಾಗ ನಿನಗೆ ಯಾರಾದ್ರೂ ಮಾತಾಡಿದ್ದು ಕೇಳುತ್ತಾ?" ಎಂದಿದ್ದಳು. ತೊಳೆಯುತ್ತಿದ್ದ ಪಾತ್ರೆಯಿಂದ ಕೈ ಎತ್ತದೆ ಇವಳು ಹೇಳಿದ್ದಳು: "ಎಲ್ಲರಿಗೂ ಕೇಳುತ್ತೆ ಕಣೇ. ಅದನ್ನೇ ಹಚ್ಚಿಕೊಂಡು ಕೂತ್ರೆ ಆಗುತ್ತಾ? ಹೋಗು, ಕೆಲಸ ನೋಡು." ಅದಾದ ಮೇಲೆ ತಂಗಿ ಮಂಚವನ್ನು ಗೋಡೆಯಿಂದ ದೂರ ಎಳೆದುಕೊಂಡಿದ್ದಳು. ಬಚ್ಚಲಿನ ತೂತಿಗೆ ಬಟ್ಟೆ ತುರುಕುತ್ತಿದ್ದಳು. ಕಾಲುನೋವು ಎಂದು ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಳು. ಸೋಮಾರಿತನ ಹೆಚ್ಚಾಯಿತು ಎಂದು ಇವಳು ಗೊಣಗಿದ್ದಳು.

ಕೈಚೀಲವನ್ನು ಡಾಕ್ಟರ ಮೇಜಿನ ಮೇಲೇ ಬಿಟ್ಟು ಪರದೆ ಅಕ್ಕ ಎದ್ದು ಓಡಿದಳು.

ಮನೆಯಲ್ಲಿ ತಂಗಿ ಕೋಣೆಯ ನಡುವೆ ನೆಲದ ಮೇಲೆ ಕೂತಿದ್ದಳು. ಏದುಸಿರು ಬಿಡುತ್ತಾ ಇವಳು ಎದುರಿಗೆ ಕೂತಳು.

"ಆವತ್ತು ನೀನು ಕೇಳಿದ್ಯಲ್ಲ, ಆ ದನಿ ಏನು ಹೇಳುತ್ತೆ?"

ತಂಗಿ, ಅಂಗಡಿಗೆ ಬಂದ ಗಿರಾಕಿಯ ಕಾಲಿನ ಅಳತೆ ಹೇಳುವಷ್ಟು ಸರಳವಾಗಿ ಹೇಳಿದಳು: "ನೀನು ಕೊಟ್ಟ ನೀರು ಕುಡೀಬೇಡ ಅನ್ನುತ್ತೆ. ಅದ್ರಲ್ಲಿ ನೀನು ಏನೋ ಹಾಕ್ತೀಯಂತೆ."

"ನಾನಾ?"

"ಅದಕ್ಕೇ ನಲ್ಲಿಗೇ ಬಾಯಿ ಇಟ್ಟು ಕುಡೀತೀನಿ."

ತಾನು ಎತ್ತಿ ಆಡಿಸಿದ ಕೂಸು, ತನ್ನ ಕೈಯ ಲೋಟಕ್ಕೆ ಹೆದರಿ ದಿನ ಕಳೆಯುತ್ತಿತ್ತು. "ನನಗೆ ಯಾಕೆ ಹೇಳಲಿಲ್ಲ?" ಎಂದಳು ಪರದೆ ಅಕ್ಕ.

"ಎಲ್ಲರಿಗೂ ಕೇಳುತ್ತೆ ಅಂದ್ಯಲ್ಲ. ಎಲ್ಲರೂ ತಡ್ಕೊಂಡಿದ್ದಾರೆ, ನನ್ನ ಕೈಲಿ ಮಾತ್ರ ಆಗ್ತಿಲ್ಲ ಅಂದ್ಕೊಂಡೆ."

ಪರದೆ ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಕೊನೆಗೆ, "ಎಲ್ಲರಿಗೂ ಕೇಳಲ್ಲ ಕಣೇ. ನನಗೂ ಇವತ್ತೇ ಗೊತ್ತಾಗಿದ್ದು" ಎಂದಳು. ತಂಗಿ ಆಗ ಮೊದಲ ಸಲ ತಲೆ ಎತ್ತಿ ಅವಳನ್ನು ನೇರವಾಗಿ ನೋಡಿದಳು.

ಡಾಕ್ಟರ ಹತ್ತಿರ ಬರಲು ಅವಳು ಒಪ್ಪಿದ್ದು ಒಂದೇ ಷರತ್ತಿನ ಮೇಲೆ, ಅಕ್ಕನೂ ಒಳಗೆ ಕೂತಿರಬೇಕು, ಆದರೆ ಬಾಗಿಲಿಗೆ ಅಡ್ಡವಾಗಿ ಕೂರಬಾರದು. ಡಾಕ್ಟರು ಸುಳ್ಳು ಭರವಸೆ ಕೊಡಲಿಲ್ಲ. ಬೇಗ ಬಂದಿದ್ದೀರಿ, ಇನ್ನೂ ತಡವಾಗಿದ್ದರೆ ಕಷ್ಟವಾಗುತ್ತಿತ್ತು ಎಂದಷ್ಟೇ ಹೇಳಿದರು. ಮಾತ್ರೆ ಶುರುವಾಯಿತು. ಮೊದಮೊದಲು ತಂಗಿ ಹಗಲೆಲ್ಲ ಮಲಗುತ್ತಿದ್ದಳು, ಮೈ ಊದಿಕೊಂಡಿತು, ಸಿಟ್ಟು ಬರುತ್ತಿತ್ತು. ಔಷಧ ಬದಲಾಯಿತು. ವಾರಕ್ಕೊಮ್ಮೆ ಕೂತು ಮಾತಾಡಿಸುವವರೊಬ್ಬರು ಸಿಕ್ಕರು. ದನಿ ಪೂರ್ತಿ ಹೋಗಲಿಲ್ಲ. ಪಕ್ಕದ ಮನೆಯ ರೇಡಿಯೊದಷ್ಟು ದೂರವಾಯಿತು ಎಂದು ಅವಳೇ ಹೇಳಿದಳು.

ಕಾರ್ಖಾನೆಯಲ್ಲಿ ಪರದೆ ಅಕ್ಕ, ಆರೋಗ್ಯ ಕಚೇರಿಯ ಹುಡುಗಿ ಬಂದುಹೋದ ಮಾರನೇ ದಿನವೇ ಗೆಳತಿಯ ಮೇಜಿಗೆ ಹೋಗಿ ಕತ್ತರಿ ವಾಪಸ್ ಕೇಳಿದ್ದಳು. ಗೆಳತಿ ಕೊಟ್ಟಳು, ಮುಖ ಮಾತ್ರ ನೋಡಲಿಲ್ಲ. ಊಟಕ್ಕೆ ಜೊತೆ ಕೂರಲು ಅವಳಿಗೆ ತಿಂಗಳುಗಳೇ ಹಿಡಿದವು. ಇಸ್ತ್ರಿಯವನು ಮಾತ್ರ ಒಂದು ದಿನ ಮೆಲ್ಲಗೆ ಬಂದು ಆ ಡಾಕ್ಟರ ವಿಳಾಸ ಕೇಳಿಕೊಂಡು ಹೋದ. ಯಾರಿಗೆ ಎಂದು ಅವನು ಹೇಳಲಿಲ್ಲ, ಇವಳೂ ಕೇಳಲಿಲ್ಲ.

ವರ್ಷ ತಿರುಗುವ ಹೊತ್ತಿಗೆ ತಂಗಿ ಅರ್ಧ ದಿನದ ಮಟ್ಟಿಗೆ ಚಪ್ಪಲಿ ಅಂಗಡಿಗೆ ಮರಳಿದಳು. ಮೊದಲ ದಿನ ಮನೆಗೆ ಬಂದವಳೇ, ಅಂಗಡಿಯ ಚಪ್ಪಲಿಯನ್ನೆಲ್ಲ ಕಾಲಿಗೆ ಹಾಕಿ ನೋಡಿ ಒಂದನ್ನೂ ಕೊಳ್ಳದೆ ಎದ್ದುಹೋದ ಗಿರಾಕಿಯೊಬ್ಬಳನ್ನು ಬಾಯಿಗೆ ಬಂದ ಹಾಗೆ ಬೈಯತೊಡಗಿದಳು. ಪರದೆ ಅಕ್ಕ ಒಲೆ ಆರಿಸಿ ಬಂದು ಅವಳ ಪಕ್ಕದಲ್ಲಿ ಕೂತಳು. "ಆಮೇಲೆ?" ಎಂದಳು.