ಜುಹೂರಾಳ ದೋಣಿ ಪೊಟ್ಟಣ

ಮೊಂಬಾಸಾದ ಹಳೇಪೇಟೆಯಲ್ಲಿ ಜುಹೂರಾಳ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಓಣಿಯ ಹೆಸರು ಹೇಳುವುದಿಲ್ಲ. ಏಲಕ್ಕಿ ಘಮ ಬರುವ ಕಡೆ ಹೋಗಿ ಅನ್ನುತ್ತಾರೆ. ಬಾಗಿಲ ಪಕ್ಕದ ಜಗಲಿಯಲ್ಲಿ ಒಲೆ, ಬಾಣಲೆಯಲ್ಲಿ ಉಬ್ಬುವ, ಏಲಕ್ಕಿ ಹಾಕಿದ ಪೂರಿಯಂಥ ಮಹಮ್ರಿ, ಅದರ ಜೊತೆಗೆ ನೆಂಚಿಕೊಳ್ಳಲು ತೆಂಗಿನ ಹಾಲಿನಲ್ಲಿ ಬೆಂದ ತೊಗರಿಕಾಳಿನ ಗಸಿ. ಇಷ್ಟೇ ಆಗಿದ್ದರೆ ಅವಳ ಬಗ್ಗೆ ಹೇಳಲು ಹೆಚ್ಚೇನೂ ಇರಲಿಲ್ಲ, ಮಹಮ್ರಿ ಕರಿಯುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ.

ಸರಕಾರ ಪ್ಲಾಸ್ಟಿಕ್ ಚೀಲ ನಿಲ್ಲಿಸಿದಾಗ ಎಲ್ಲರಿಗೂ ಪೀಕಲಾಟ ಶುರುವಾಯಿತು. ಮಹಮ್ರಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬಹುದು, ಗಸಿಯನ್ನು? ಪಾತ್ರೆ ತನ್ನಿ ಅಂದರೆ ಗಿರಾಕಿಗಳು ಮರೆತು ಬರುತ್ತಿದ್ದರು. ಜುಹೂರಾ ಹಟಕ್ಕೆ ಬಿದ್ದಳು. ಹಿಟ್ಟಿನ ಮೂಟೆಗೆ ಸುತ್ತಿ ಬರುವ ಕಂದು ಕಾಗದ, ಒಳಗೆ ಕೆಂಡದ ಮೇಲೆ ಬಾಡಿಸಿದ ಬಾಳೆ ಎಲೆ, ಮೂಲೆಗಳಿಗೆ ಕತ್ತರಿ ಹಾಕಿ ಪೆಟ್ಟಿಗೆಯ ಹಾಗೆ ಒಂದು ಪೊಟ್ಟಣ ಮಾಡಿದಳು. ಮೊದಲ ಪೊಟ್ಟಣ ಶುಕ್ರವಾರದ ನಮಾಜಿಗೆ ಹೊರಟಿದ್ದ ಮದರಸಾದ ಮೇಷ್ಟರ ಕೈಗೆ ಹೋಯಿತು. ಓಣಿಯ ತಿರುವಿನಲ್ಲೇ ಅದರ ಮೂಲೆ ಬಾಯಿಬಿಟ್ಟಿತು.

ಮೇಷ್ಟರು ಹಳದಿಯಾದ ಬಿಳಿ ನಿಲುವಂಗಿ ಎತ್ತಿ ಹಿಡಿದು ವಾಪಸು ಬಂದರು. "ಅಮ್ಮಾ ಜುಹೂರಾ, ಗಸಿ ಕೇಳಿದ್ದು ನಾನು. ನನ್ನ ಬಟ್ಟೆ ಕೇಳಿರಲಿಲ್ಲ."

ಅವಳ ಗಂಡ ಬಕಾರಿ ಟೋಪಿ ಹೊಲಿಯುವವನು. ಬಿದ್ದು ಬಿದ್ದು ನಕ್ಕ. ನಕ್ಕು ಮುಗಿಸಿ ಸೂಜಿ ಕೆಳಗಿಟ್ಟ.

"ಕತ್ತರಿ ಇಟ್ಟ ಕಡೆ ಬಾಯಿ ಬಿಡ್ದೆ ಇನ್ನೇನ್ ಮಾಡತ್ತೆ ಕಣೇ? ನಾನು ಬಟ್ಟೆ ಕತ್ತರಿಸಿದ್ರೆ ಹೊಲೀತೀನಿ. ನೀನು ಕಾಗದ ಹೊಲೀತೀಯಾ?"

"ಮೂಲೇಲಿ ಕಾಗದ ಜಾಸ್ತಿ ಉಳಿಯತ್ತಲ್ರೀ, ಅದನ್ನೇನ್ ಮಾಡ್ಲಿ?"

"ಉಳಿದಿದ್ದನ್ನ ಒಳಗೆ ಸೇರಿಸ್ಕೋ. ಸಂಸಾರ ಮಾಡಿಲ್ವಾ ನೀನು?"

ಅವನ ತಮಾಷೆಯಲ್ಲಿ ದಾರಿ ಇತ್ತು. ಕತ್ತರಿ ಮತ್ತೆ ಹೊಲಿಗೆ ಪೆಟ್ಟಿಗೆಗೆ ಸೇರಿತು. ಮೂಲೆಯಲ್ಲಿ ಉಳಿದ ಕಾಗದವನ್ನು ಕಿವಿಯ ಹಾಗೆ ಮಡಚಿ, ಅಂಚಿನ ಹಿಂದೆ ಸಿಕ್ಕಿಸಿದಳು. ಉದ್ದದ ಎರಡು ಬದಿಗಳನ್ನು ಜೋಡಿಸಿ ಸುರುಳಿ ಸುತ್ತಿ ಮೇಲೆ ಮುಚ್ಚಿದಳು. ಅಂಟಿಲ್ಲ, ದಾರವಿಲ್ಲ. ಮನೆಗೆ ಒಯ್ದು ಬಿಡಿಸಿದರೆ ಅದೇ ಬಟ್ಟಲು. ನೀರು ತುಂಬಿ ಬಕಾರಿಯ ತೊಡೆಯ ಮೇಲಿಟ್ಟಳು. ಅವನು ಸಾಯುವವನ ಹಾಗೆ ಕಲಿಮಾ ಹೇಳಿಕೊಳ್ಳುತ್ತ ಕೂತ. ಒಂದು ಹನಿಯೂ ಬೀಳಲಿಲ್ಲ. ಓಣಿಯವರು ಅದಕ್ಕೆ ದೋಣಿ ಎಂದು ಹೆಸರಿಟ್ಟರು.

ಆಮೇಲೆ ಅವಳಿಗೆ ಮಡಚುವುದೇ ಒಂದು ಹುಚ್ಚಾಯಿತು. ಆಲೂಗಡ್ಡೆ ಬೋಂಡಾ ಮಾರುವವಳು ಬಂದರೆ, "ಕರಿದಿದ್ದು ಬೆವರತ್ತೆ, ಬಾಯಿ ಮುಚ್ಚಿದ್ರೆ ಮೆತ್ತಗಾಗತ್ತೆ" ಎಂದು ಮೇಲೆ ಗಾಳಿಯಾಡಲು ಸಂದು ಬಿಟ್ಟು ಮಡಚಿಕೊಟ್ಟಳು. ಮಲ್ಲಿಗೆ ಮಾರುವವಳಿಗೆ ಹೂ ನಲುಗದಂತೆ ಹೊಟ್ಟೆ ಉಬ್ಬಿದ ಪೊಟ್ಟಣ. ಲವಂಗಕ್ಕೆ ಕಿರುಬೆರಳಿನಷ್ಟು ಪೊಟ್ಟಣ. ಯಾರಾದರೂ ಮಾತಾಡುತ್ತ ಕೂತರೆ ಅವಳ ಕೈ ಅವರ ಬಸ್ ಚೀಟಿಯನ್ನೂ ಮಡಚಿ ಮುಗಿಸುತ್ತಿತ್ತು.

ಹೀಗಿರುವಾಗ ರಂಜಾನ್ ಬಂತು.

ರಂಜಾನಿನಲ್ಲಿ ನಮ್ಮ ಓಣಿಯಲ್ಲಿ ಸಂಜೆ ಮನುಷ್ಯರಿಗಿಂತ ತಟ್ಟೆಗಳ ಓಡಾಟ ಹೆಚ್ಚು. ಈ ಮನೆಯಿಂದ ಆ ಮನೆಗೆ ತಟ್ಟೆ ಹೋದರೆ ಅದು ಖಾಲಿ ಬರುವ ಹಾಗಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇರಬೇಕು. ಎದುರು ಮನೆಯ ಬೀಬಿ ರೆಹೆಮಾ, ಜುಹೂರಾ ಲಾಮು ದ್ವೀಪದಿಂದ ಮದುವೆಯಾಗಿ ಬಂದಾಗ ಅವಳಿಗೆ ಈ ಊರಿನ ಒಲೆ ಹಚ್ಚುವುದನ್ನು ಕಲಿಸಿದವರು. ಅಂದಿನಿಂದ ಇಬ್ಬರ ನಡುವೆ ತಟ್ಟೆ ನಿಂತದ್ದೇ ಇಲ್ಲ. ಈಗ ಬೀಬಿಗೆ ಮಂಡಿ ಹಿಡಿದಿತ್ತು, ಅಡುಗೆಮನೆ ಸೊಸೆಯ ಕೈಗೆ ಹೋಗಿತ್ತು. ಆದರೆ ಜುಹೂರಾಳ ಮನೆಗೆ ಹೋಗುವ ತಟ್ಟೆಯನ್ನು ಮಾತ್ರ ಅವರು ಗೋಡೆ ಹಿಡಿದುಕೊಂಡು ಹೋಗಿ ತಾವೇ ತುಂಬುತ್ತಿದ್ದರು.

ಜುಹೂರಾಳಿಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು. ಹಾಗಾಗಿ ಆ ವರ್ಷ ಬೀಬಿಯ ಮನೆಗೆ ತಟ್ಟೆಯ ಬದಲು ದೋಣಿ ಪೊಟ್ಟಣ ಕಳಿಸಿದಳು. ತಿಂದು ಬಿಸಾಕಿದರಾಯಿತು, ಪಾಪ, ತುಂಬಿ ವಾಪಸು ಕಳಿಸುವ ಕಷ್ಟ ಬೇಡ ಎಂದುಕೊಂಡಳು. ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ಒಳ್ಳೆಯ ಮನಸ್ಸು ಮಾಡುವಷ್ಟು ಎಡವಟ್ಟನ್ನು ಕೆಟ್ಟ ಮನಸ್ಸು ಯಾವತ್ತೂ ಮಾಡಲಾರದು.

ಎದುರು ಮನೆಯಿಂದ ಏನೂ ಬರಲಿಲ್ಲ. ಅದು ಸರಿ. ಆದರೆ ಬೀಬಿ ಜಗಲಿಗೂ ಬರಲಿಲ್ಲ. "ಎಣ್ಣೆ ಸೀಯ್ತಿದೆ ಕಣೇ, ಮೂಗು ಮಾರ್ಕೊಂಡಿದ್ದೀಯಾ?" ಎಂದು ಕಿಟಕಿಯಿಂದ ಬಯ್ಯಲೂ ಇಲ್ಲ. ಬೈಗುಳವಿಲ್ಲದೆ ಜುಹೂರಾಳ ಮಹಮ್ರಿ ಸರಿಯಾಗಿ ಉಬ್ಬದಂತಾಯಿತು.

ಒಂದು ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿದ ಹೊತ್ತಿಗೆ ಜಗಲಿಯ ಮುಂದೆ ಜನ ಸೇರಿದ್ದಾಗ ಜುಹೂರಾ ತಲೆ ಎತ್ತಿ ನೋಡಿದರೆ ಸಾಲಿನಲ್ಲಿ ಬೀಬಿ ರೆಹೆಮಾ. ಕೋಲೂರಿ ನಿಂತಿದ್ದರು, ಸೆರಗಿನ ಗಂಟು ಬಿಚ್ಚುತ್ತಿದ್ದರು.

"ನಾಲ್ಕು ಮಹಮ್ರಿ, ಒಂದು ಗಸಿ. ನಿನ್ನ ಕಾಗದದಲ್ಲೇ ಕಟ್ಟು."

"ಬೀಬಿ, ಇದೇನಿದು? ಸಾಲಲ್ಲಿ ನಿಲ್ತೀರಾ ನೀವು?"

"ಗಿರಾಕಿ ಅಂದ್ಮೇಲೆ ಸಾಲಲ್ಲೇ ನಿಲ್ಬೇಕಲ್ಲಮ್ಮಾ. ದುಡ್ಡೂ ಕೊಡ್ಬೇಕು."

ನಾಣ್ಯ ಇಟ್ಟರು, ಪೊಟ್ಟಣ ತೆಗೆದುಕೊಂಡರು, ಹೋದರು.

ಜುಹೂರಾ ಒಳಗೆ ಹೋಗಿ ಬಕಾರಿಯ ಮುಂದೆ ಅತ್ತಳು. "ಅವರ ಮಂಡಿ ನೋವು ನೋಡಿ ಹಾಗೆ ಮಾಡ್ದೆ ಕಣ್ರೀ. ಈಗ ತಟ್ಟೇಲಿ ಏನ್ ತುಂಬಿಸಿ ಒಯ್ದ್ರೆ ಸರಿಯಾಗತ್ತೆ ಹೇಳಿ."

ಬಕಾರಿ ಟೋಪಿ ಬದಿಗಿಟ್ಟ. "ಮತ್ತೆ ನೀನೇ ಕೊಡೋಕ್ ಹೊರಟ್ಯಾ? ಅವರು ಯಾವಾಗ ಕೊಡೋದು?"

ಹೊತ್ತು ಮುಳುಗಿ ಮಗ್ರಿಬ್ ಬಾಂಗು ಕೂಗುವ ಹೊತ್ತಿಗೆ ಜುಹೂರಾ ಓಣಿ ದಾಟಿದಳು. ಬೀಬಿಯ ಮನೆಯವರೆಲ್ಲ ಚಾಪೆಯ ಸುತ್ತ ಕೂತಿದ್ದರು. ಅವಳು ಬಾಗಿಲಲ್ಲೇ ನಿಂತಳು. ಬೀಬಿ ಅವಳ ಕೈ ನೋಡಿದರು.

"ಏನೂ ತಂದಿಲ್ವಾ?"

"ಇಲ್ಲ. ಹಸಿವಾಗಿದೆ ಬೀಬಿ. ಉಪವಾಸ ಬಿಡೋಕೆ ಏನಾದ್ರೂ ಕೊಡಿ."

ಹಾಗೆ ಕೇಳಲು ಅವಳಿಗೆ ಎಷ್ಟು ನಾಚಿಕೆಯಾಯಿತೆಂದರೆ ಕಿವಿ ಬಿಸಿಯಾಯಿತು. ಬೀಬಿ ಕೋಲು ಹುಡುಕಿ ಎದ್ದರು. ಸೊಸೆ ಏಳಹೋದಾಗ, "ಕೂತ್ಕೋ, ಇದು ನಿನ್ನ ಕೆಲಸ ಅಲ್ಲ" ಎಂದು ಗದರಿ ಅಡುಗೆಮನೆಗೆ ಹೋದರು. ಕರಿಮೆಣಸು ಕುಟ್ಟುವ ಸದ್ದು ಕೇಳಿಸಿತು. ಗಂಜಿಯ ಬಟ್ಟಲು ತಂದು ಜುಹೂರಾಳ ಮುಂದಿಟ್ಟು, ಉಸ್ಸೆನ್ನುತ್ತ ಪಕ್ಕದಲ್ಲೇ ಕೂತರು.

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಕಾಗದದಲ್ಲಿ ಕಳಿಸ್ದೆ" ಅಂದಳು ಜುಹೂರಾ, ಬಟ್ಟಲಿಗೆ ಮುಖ ತಗ್ಗಿಸಿ.

"ಗೊತ್ತಾಯ್ತು. ಈ ಮನೇಲೂ ಎಲ್ರೂ ಅದನ್ನೇ ಹೇಳ್ತಾರೆ. ಬೀಬಿ ಕೂತಿರಿ, ಬೀಬಿ ಏಳ್ಬೇಡಿ, ಬೀಬಿಗೆ ತೊಂದ್ರೆ ಬೇಡ. ತೊಂದ್ರೆ ಕೊಡೋಳು ನೀನೊಬ್ಬಳಿದ್ದೆ. ನೀನೂ ಬಿಟ್ಬಿಟ್ರೆ ನಾನು ಇದ್ರೇನು, ಹೋದ್ರೇನು?"

ಜುಹೂರಾ ಬಟ್ಟಲು ಕೆಳಗಿಟ್ಟಳು. ಬೀಬಿ ಅವಳ ಬೆನ್ನ ಮೇಲೊಂದು ಗುದ್ದಿದರು. "ಕುಡಿ. ಮೆಣಸು ಸಾಕಾ?"

"ಸಾಲ್ದು" ಅಂದಳು. ಸುಳ್ಳು, ಕಣ್ಣು ಮೂಗೆಲ್ಲ ಸುರಿಯುತ್ತಿತ್ತು. ಬೀಬಿ ಮತ್ತೆ ಎದ್ದು ಹೋಗಿ ಇನ್ನಷ್ಟು ಕುಟ್ಟಿ ತಂದರು.

ಹೊರಟಾಗ ಬಕಾರಿಗೆಂದು ಒಂದು ಪಾತ್ರೆ ತುಂಬ ಗಂಜಿ ಕೊಟ್ಟರು. ಜುಹೂರಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಓಣಿ ದಾಟಿ ಗಂಡನ ಮುಂದಿಟ್ಟಳು. ಅವನು ಒಂದು ಗುಟುಕು ಕುಡಿದು ಕೆಮ್ಮಿದ.

"ಅಬ್ಬಾ, ಏನ್ ಖಾರ. ಇಷ್ಟೊಂದು ಕುಡಿಯೋದ್ ಹ್ಯಾಗೆ?"

"ಪೂರ್ತಿ ಕುಡೀರಿ, ಬೇಗ. ಪಾತ್ರೆ ತೊಳೀಬೇಕು, ನಾಳೆ ಇದರಲ್ಲಿ ಏನ್ ತುಂಬೋದು ಅಂತ ಯೋಚ್ನೆ ಮಾಡ್ಬೇಕು" ಅಂದಳು ಜುಹೂರಾ.