ಅಟ್ಟದ ಮೇಲಿನ ಮೈಕು

ಕರೆಂಟು ಹೋದಾಗ ಮಾತ್ರ ಕೇಳಿಸುವ ಸದ್ದೊಂದಿದೆ, ನೀವೂ ಗಮನಿಸಿರಬಹುದು. ಫ್ಯಾನು ನಿಂತು, ಟ್ಯೂಬ್‌ಲೈಟಿನ ಚೋಕು ಬಾಯಿ ಮುಚ್ಚಿ, ಫ್ರಿಜ್ಜು ಒಮ್ಮೆ ಮೈ ಕೊಡವಿಕೊಂಡು ಸುಮ್ಮನಾದ ಮೇಲೆ, ಇಷ್ಟು ಹೊತ್ತೂ ಈ ಮನೆಯಲ್ಲಿ ಇಷ್ಟೊಂದು ಗಲಾಟೆ ನಡೆದಿತ್ತೇ ಎಂದು ಆಶ್ಚರ್ಯವಾಗುತ್ತದೆ. ಆ ಆಶ್ಚರ್ಯ ಆರುವ ಮೊದಲೇ ಗಲಾಟೆಯ ಅಡಿಯಲ್ಲಿ ಅವಿತಿದ್ದ ಬೇರೇನೋ ಒಂದು ಮೆಲ್ಲಗೆ ತಲೆಯೆತ್ತುತ್ತದೆ. ಅದು ಜಂತೆಯ ನರಳಾಟವೋ, ನಮ್ಮದೇ ಕಿವಿಯೊಳಗಿನ ರಕ್ತಸಂಚಾರವೋ, ತಿಳಿದವರು ಹೇಳಬೇಕು. ನಮ್ಮ ತುರುವೇಕೆರೆಯಲ್ಲಿ ಈ ಶ್ರವಣಯೋಗ ದಿನಕ್ಕೆ ಎರಡು ಸಲವಾದರೂ ಕೂಡಿಬರುವುದರಿಂದ ನನಗದು ಅಭ್ಯಾಸವಾಗಿರಬೇಕಿತ್ತು. ಆಗಿಲ್ಲ. ಕರೆಂಟು ಹೋದೊಡನೆ ನಾನು ಈಗಲೂ ಅಟ್ಟದ ಕಡೆ ನೋಡುತ್ತೇನೆ. ಕಾರಣ ಹೇಳಬೇಕಾದರೆ ಮೊದಲು ಒಂದು ತಂತಿಯ ಕತೆ ಹೇಳಬೇಕು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರುಗಳಿದ್ದವು. ಇದನ್ನು ಶ್ರೀಮಂತಿಕೆಯೆಂದು ತಿಳಿಯಬೇಡಿ. ಹಿಂದಿನ ಕೋಣೆಯಲ್ಲಿದ್ದದ್ದು ನನ್ನ ಹೆಂಡತಿ ಗಿರಿಜೆಯದು. ಅವಳು ಮದುವೆ, ನಾಮಕರಣ, ಶಿವಗಣಾರಾಧನೆಗಳ ಕಾರ್ಡುಗಳಿಗೆ ಅಕ್ಷರ ಜೋಡಿಸಿ ತಿಪಟೂರಿನ ಪ್ರೆಸ್ಸಿಗೆ ಒಯ್ದು ಕೊಡುತ್ತಿದ್ದಳು. ಮುಂದಿನ ಕೋಣೆಯಲ್ಲಿದ್ದದ್ದು ಅವಳು ಬಿಟ್ಟುಕೊಟ್ಟ ಹಳೆಯದು. ಕಾಲೇಜಿನಲ್ಲಿ ಇತಿಹಾಸ ಹೇಳುವವನಿಗೆ ಹಳೆಯದೇ ಶ್ರೇಯಸ್ಕರವೆಂದು ಅವಳ ತೀರ್ಮಾನ. ಪ್ರಿಂಟರು ಅವಳ ಬಳಿ ಮಾತ್ರ ಇತ್ತು. ನಾನು ಒಂದು ಪುಟ ಮುದ್ರಿಸಬೇಕೆಂದರೆ ಫ್ಲಾಪಿಯನ್ನು ಎರಡು ಬೆರಳಲ್ಲಿ ಪ್ರಸಾದದ ಹಾಗೆ ಹಿಡಿದು, ಪಡಸಾಲೆ, ನಡುಮನೆ, ಅಡುಗೆಮನೆ ದಾಟಿ ಅವಳ ಸನ್ನಿಧಿ ಸೇರಬೇಕಿತ್ತು; ಸೇರುವಷ್ಟರಲ್ಲಿ ಫ್ಲಾಪಿ ಕೆಟ್ಟಿರುತ್ತಿತ್ತು. ಎರಡು ಯಂತ್ರಗಳ ನಡುವೆ ಒಂದು ತಂತಿ ಎಳೆದರೆ ಈ ಪಾದಯಾತ್ರೆ ತಪ್ಪೀತೆಂದು ಸಲಹೆ ಕೊಟ್ಟವರು ಮುನೀರ್ ಸಾಬರು.

ಮುನೀರ್ ಸಾಬರು ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಮಾಡಿಕೊಂಡೇ ತಲೆ ನರೆಸಿಕೊಂಡವರು. ಆಗಷ್ಟೇ ಕಂಪ್ಯೂಟರಿಗೂ ಕೈ ಹಾಕಿದ್ದರು. ಅವರು ನನಗೆ ನೀಲಿ ತಂತಿಯ ಒಂದು ಸುರುಳಿ, ತುದಿಗೆ ಒತ್ತುವ ಪ್ಲಾಸ್ಟಿಕ್ ಕ್ಲಿಪ್ಪು, ಒತ್ತುವ ಇಕ್ಕಳ ಕೊಟ್ಟು, ಒಳಗಿನ ಎಂಟು ಎಳೆಗಳ ಬಣ್ಣದ ಕ್ರಮವನ್ನು ಬರೆದುಕೊಟ್ಟರು. ನಾನು ಅದನ್ನು ಶ್ಲೋಕದಂತೆ ಬಾಯಿಪಾಠ ಮಾಡಿ, ಎರಡು ತುದಿಗಳನ್ನೂ ಒಂದೇ ಕ್ರಮದಲ್ಲಿ ನಿಷ್ಠೆಯಿಂದ ಒತ್ತಿದೆ. ಯಂತ್ರಗಳೆರಡೂ ಮೌನವ್ರತ ಹಿಡಿದು ಕೂತವು. ಸಾಬರು ಬಂದು ನೋಡಿ ನಕ್ಕರು.

"ಬಾಯಿಗೆ ಬಾಯಿ ಕಟ್ಟಿದೀರಲ್ಲ ಮೇಷ್ಟ್ರೇ! ಇದರ ಬಾಯಿ ಅದರ ಕಿವಿಗೆ ಹೋಗ್ಬೇಕು, ಅದರ ಬಾಯಿ ಇದರ ಕಿವಿಗೆ. ಈಗ ಎರಡೂ ಮಾತಾಡ್ತಾವೆ, ಕೇಳೋರೇ ಇಲ್ಲ."

ನಮ್ಮ ದಾಂಪತ್ಯದ ಮೇಲೆ ಇಷ್ಟು ಸಂಕ್ಷಿಪ್ತ ಭಾಷ್ಯವನ್ನು ನಾನು ಕೇಳಿರಲಿಲ್ಲ. ಒಂದು ತುದಿಯಲ್ಲಿ ಹಸಿರನ್ನೂ ಕಿತ್ತಳೆಯನ್ನೂ ಅದಲು ಬದಲು ಮಾಡಿದ ಮೇಲೆ ಪ್ರಿಂಟರು ನನ್ನ ಮಾತು ಕೇಳತೊಡಗಿತು.

ಆ ತಂತಿಗೆ ಇದ್ದ ದಾರಿ ಒಂದೇ, ನಡುಮನೆಯ ಮೇಲಿನ ಅಟ್ಟ. ತೆಂಗಿನ ಸೀಮೆಯವರಿಗೆ ಅಟ್ಟವೆಂದರೆ ಏನೆಂದು ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು. ಬಲಿತ ಕಾಯಿಗಳನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟುಬಿಡುತ್ತೇವೆ. ಮೊದಮೊದಲು ಅಲ್ಲಾಡಿಸಿದರೆ ಒಳಗೆ ನೀರು ಕುಲುಕುತ್ತದೆ. ನೀರು ಇಂಗುತ್ತ ಬಂದ ಹಾಗೆ ಕಾಯಿ ಮೂಕವಾಗುತ್ತದೆ. ಆಮೇಲೆ ಒಂದು ದಿನ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು, ಇಡೀ ಉಂಡೆಯಾಗಿ, ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಗಿಟುಕಾಯಿತು, ಇನ್ನು ಇಳಿಸಬಹುದು ಎಂದು ಅರ್ಥ. ನಮ್ಮ ಮನೆಯಲ್ಲಿ ಇದಕ್ಕೊಂದು ಕ್ರಮವಿತ್ತು. ಅಪ್ಪ ಏಣಿ ಹತ್ತಿ ಅಲ್ಲೊಂದು ಇಲ್ಲೊಂದು ಕಾಯಿ ತೆಗೆದು ಮೂರು ಸಲ ಅಲ್ಲಾಡಿಸುವನು. ಅವ್ವ ಕೆಳಗೆ ಕಣ್ಣು ಮುಚ್ಚಿ ನಿಂತು ಕೇಳಿ "ಹೂಂ" ಎನ್ನುವಳು, ಇಲ್ಲವೆ "ಊಹೂಂ" ಎನ್ನುವಳು. ಕೈ ಅಪ್ಪನದು, ಕಿವಿ ಅವ್ವನದು. ಅವಳ "ಹೂಂ" ಬೀಳದೆ ಒಂದು ಕಾಯಿಯೂ ಕೆಳಗೆ ಬರುತ್ತಿರಲಿಲ್ಲ. ನನ್ನ ತಿಳಿವಳಿಕೆಯ ಮಟ್ಟಿಗೆ ಅವರಿಬ್ಬರ ನಡುವೆ ಇದಕ್ಕಿಂತ ದೀರ್ಘವಾದ ಸಂಭಾಷಣೆ ನಡೆದದ್ದೂ ಕಡಿಮೆಯೇ.

ಅಪ್ಪ ತನ್ನ ಕೊನೆಯ ಅಟ್ಟ ತುಂಬಿಸಿ ಎರಡೇ ತಿಂಗಳಿಗೆ ತೀರಿಕೊಂಡ. ವರ್ಷ ತುಂಬಿದ ಮೇಲೆ ನಾನು ಏಣಿ ಹತ್ತಿ ಒಂದು ಕಾಯಿ ಅಲ್ಲಾಡಿಸಿದೆ. ನನ್ನಂಥ ಪುಸ್ತಕದ ಹುಳುವಿಗೂ ತಿಳಿಯುವಷ್ಟು ಸ್ಪಷ್ಟವಾಗಿ ಲೊಟಲೊಟ ಎಂದಿತು. ಕೆಳಗಿನಿಂದ ಅವ್ವ "ಊಹೂಂ" ಎಂದಳು. ತಿಂಗಳು ಬಿಟ್ಟು ಹತ್ತಿದೆ. "ಊಹೂಂ, ಇನ್ನೂ ಮಾತಾಡಿಲ್ಲ" ಎಂದಳು. ಗಂಡ ಕೈಯಾರೆ ಹಾಕಿಸಿದ ಕಾಯಿಗಳನ್ನು ಕಳಿಸಿಕೊಡಲು ಅವಳಿಗೆ ಮನಸ್ಸಿಲ್ಲವೆಂದು ನಾನು ಅರ್ಥಮಾಡಿಕೊಂಡು, ಆ ಅರ್ಥಕ್ಕೆ ನಾನೇ ಮೆಚ್ಚಿ, ಸುಮ್ಮನಾದೆ. ಆದರೆ ಗಿಟುಕು ಕಾಯುವುದಿಲ್ಲ. ಹೆಚ್ಚು ದಿನ ಬಿಟ್ಟರೆ ಹುಳ ಬಿದ್ದು ಕಮಟಾಗುತ್ತದೆ. ಮತ್ತೆ ಆರು ತಿಂಗಳು ಕಳೆದಾಗ, ಅಪ್ಪನ ಕೊನೆಯ ಫಸಲು ತಲೆಯ ಮೇಲೆಯೇ ಹಾಳಾಗುತ್ತಿದೆಯೆಂಬ ಸಂಕಟ ಒಂದು ಕಡೆ, ಅವ್ವನ ಮಾತು ಮೀರಿ ಇಳಿಸಲಾರೆನೆಂಬ ಸಂಕಟ ಇನ್ನೊಂದು ಕಡೆ. ನನ್ನ ನೀಲಿ ತಂತಿ ಆ ಕಾಯಿಗಳ ಮೇಲೆಯೇ ಹಾದುಹೋಯಿತು.

ತಂತಿ ಬಂದ ಮೇಲೆ ಆಸೆ ಬೆಳೆಯಿತು. ಪುಟ ಹೋಗುವ ದಾರಿಯಲ್ಲಿ ಮಾತೂ ಹೋಗುತ್ತದೆಂದು ಸಾಬರು ಗಿರಿಜೆಯ ಕಡೆಗೆ ಒಂದು ಮೈಕು, ನನ್ನ ಕಡೆಗೆ ಎರಡು ಸ್ಪೀಕರು ಕೊಟ್ಟರು. ಕಂಪ್ಯೂಟರು ಧ್ವನಿಯನ್ನು ಸೆಕೆಂಡಿಗೆ ನಲವತ್ತನಾಲ್ಕು ಸಾವಿರ ತುಣುಕು ಮಾಡಿ ಅಳೆದಿಡುತ್ತದೆ, ಬೇಕಾದಾಗ ಜೋಡಿಸಿ ಆಡಿ ತೋರಿಸುತ್ತದೆ ಎಂದು ನಾನು ಕಲಿತದ್ದು ಆಗಲೇ. ತೆರೆಯ ಮೇಲೆ ಮಾತು ಹಸಿರು ಗೆರೆಯಾಗಿ ಕುಣಿಯುವುದನ್ನು ನೋಡುತ್ತ ಗಂಟೆಗಟ್ಟಲೆ ಕೂರುತ್ತಿದ್ದೆ. ನನ್ನನ್ನು ಬೆರಗುಗೊಳಿಸಿದ್ದು ಮಾತಲ್ಲ, ಮೌನ. ಯಾರೂ ಉಸಿರೆತ್ತದಿದ್ದಾಗಲೂ ಆ ಗೆರೆ ನೆಟ್ಟಗಿರುತ್ತಿರಲಿಲ್ಲ. ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. "ಅರ್ಥಿಂಗ್ ಸರಿ ಇಲ್ಲ, ಅಷ್ಟೇ" ಎಂದರು ಸಾಬರು. ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹೊಯ್ದೆ. ನಡುಕ ತಗ್ಗಿತು, ಪೂರ್ತಿ ಹೋಗಲಿಲ್ಲ.

ಗಿರಿಜೆಗೆ ಈ ವ್ಯವಸ್ಥೆ ಮೂರೇ ದಿನಕ್ಕೆ ಬೇಸರ ತರಿಸಿತು. ತಾನು ಕೆಮ್ಮಿದ್ದು, ಗೊಣಗಿದ್ದು, ಗಿರಾಕಿಯನ್ನು ಬೈದದ್ದು ಎಲ್ಲವೂ ಮುಂದಿನ ಕೋಣೆಗೆ ಪ್ರಸಾರವಾಗುವುದನ್ನು ಯಾವ ಹೆಂಡತಿ ಸಹಿಸಿಯಾಳು? "ಕಿವಿ ಕೊಡೋ ಚಪಲ ಇದ್ರೆ ಅಲ್ಲಿ ಕೊಡಿ" ಎಂದು, ಮೈಕಿನ ತಂತಿಗೆ ಇನ್ನೊಂದು ತುಂಡು ಸೇರಿಸಿ, ಅದನ್ನು ಅಟ್ಟದ ತೊಲೆಗೆ ಸಿಕ್ಕಿಸಿ, ಕಂಪ್ಯೂಟರು ಆರಿಸದೆ, ಮೂರು ದಿನದ ಕೆಲಸಕ್ಕೆಂದು ತಿಪಟೂರು ಬಸ್ಸು ಹತ್ತಿದಳು.

ಅಂದು ಮಧ್ಯಾಹ್ನ ಬೇಸಿಗೆಯ ಬಿಸಿಲು ಬೀದಿಯನ್ನೆಲ್ಲ ಖಾಲಿ ಮಾಡಿತ್ತು. ಅವ್ವ ಊಟ ಮುಗಿಸಿ, ಎಂದಿನಂತೆ, ಒಳಕೋಣೆಯಲ್ಲಿ ಅಡ್ಡಾಗುತ್ತೇನೆಂದು ಹೋಗಿದ್ದಳು. ನಾನು ಮುಂದಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಸ್ಪೀಕರಿನಿಂದ ಏನೋ ಉಜ್ಜಿದ ಸದ್ದು ಬಂತು. ಆಮೇಲೆ ಯಾರೋ ಉಸಿರು ಬಿಟ್ಟಂತೆ. ಆಮೇಲೆ, ಲೊಟ, ಲೊಟ, ಲೊಟ. ಮೂರು ಸಲ. ಬಹಳ ಹೊತ್ತು ಏನೂ ಇಲ್ಲ. ಕಾಯಿಯೊಂದನ್ನು ಮೆತ್ತಗೆ ಕೆಳಗಿಟ್ಟ ಸದ್ದು. ಮತ್ತೆ ಮೂರು ಸಲ.

ನನ್ನ ಕೈಯ ಕೆಂಪು ಪೆನ್ನು ಯಾರದೋ ಉತ್ತರದ ಮೇಲೆ ಉದ್ದಕ್ಕೆ ಗೀಚಿತು. ಆ ಮೂರು ಸಲದ ಲಯ ನನಗೆ ಗೊತ್ತಿತ್ತು, ಚಿಕ್ಕಂದಿನಿಂದ ಕೇಳಿದ್ದು. ಎದ್ದು ನಡುಮನೆಯ ಬಾಗಿಲವರೆಗೆ ಹೋಗಿ, ಹೊಸಿಲು ದಾಟದೆ, "ಯಾರದು?" ಎಂದೆ. ಇನ್ನೂ ಗಟ್ಟಿಯಾಗಿ ಕೂಗಿದೆ. ಅಟ್ಟದ ಕತ್ತಲಲ್ಲಿ ಲೊಟ, ಲೊಟ, ಲೊಟ. ಕಳ್ಳನಾಗಿದ್ದರೆ ಕೂಗಿಗೆ ಓಡಬೇಕು, ಇಲಿಯಾಗಿದ್ದರೆ ಅಡಗಬೇಕು. ಇದು ನನ್ನ ಕೂಗನ್ನು ಈ ಲೋಕದ್ದೇ ಅಲ್ಲವೆಂಬಂತೆ ಬಿಟ್ಟು ತನ್ನ ಪಾಡಿಗೆ ಕೆಲಸ ಮುಂದುವರಿಸಿತ್ತು. ಅವ್ವ ಮಲಗುವ ಕೋಣೆಗೆ ಹೋಗಬೇಕಾದರೆ ಆ ಅಟ್ಟದ ಅಡಿಯಲ್ಲೇ ಹಾಯಬೇಕು. ನಾನು ಎಂಥ ಮಗನೆಂದರೆ, ತಿರುಗಿ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ.

ಸಾಬರು ಇಲಿಯೆಂದೇ ವಾದಿಸಿದರು. ಮಾರನೆಯ ಮಧ್ಯಾಹ್ನ ಅದೇ ಹೊತ್ತಿಗೆ ಅದೇ ಸದ್ದು ಬಂದಾಗ ಫ್ಲಾಪಿಗೆ ಹಿಡಿಸುವಷ್ಟು ಕಡಿಮೆ ತುಣುಕಿನಲ್ಲಿ ಎರಡು ನಿಮಿಷ ರೆಕಾರ್ಡು ಮಾಡಿ ಒಯ್ದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮತ್ತೊಮ್ಮೆ ಹಾಕಿಸಿ ಕೇಳಿದರು.

"ಇಲಿ ಮೂರು ಮೂರು ಸಲ ಎಣಿಸ್ತದಾ ಮೇಷ್ಟ್ರೇ?" ಎಂದು ಹೇಳಿ, ಫ್ಲಾಪಿ ತೆಗೆದು ನನ್ನ ಕೈಗಿಟ್ಟು, "ಹತ್ತಿ ನೋಡಿಬುಡಿ. ನೋಡದಿದ್ರೆ ಇದು ಯಾವತ್ತೂ ಬುಡಲ್ಲ ನಿಮ್ಮನ್ನ" ಎಂದರು.

ಮೂರನೆಯ ದಿನ ಹತ್ತಿದೆ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಶಿವಸ್ಮರಣೆ ಮಾಡಿದೆನೆಂದು ಹೇಳಿದರೆ ನಗಬೇಡಿ. ತಲೆ ಅಟ್ಟದ ಮಟ್ಟಕ್ಕೆ ಬಂದಾಗ, ಹೆಂಚಿನ ಸಂದಿಯ ಬೆಳಕಿನಲ್ಲಿ, ಕಾಯಿಗಳ ನಡುವೆ ನನಗೆ ಬೆನ್ನು ಮಾಡಿ ಕೂತಿದ್ದ ಬಿಳಿ ತಲೆಯೊಂದು ಕಂಡಿತು. ಅವ್ವ. ಅರವತ್ತೆಂಟರ ಅವ್ವ. ಕಾಯಿಯೊಂದನ್ನು ಕಿವಿಗೆ ಒತ್ತಿ ಹಿಡಿದು ಅಲ್ಲಾಡಿಸುತ್ತಿದ್ದಳು. "ಅವ್ವ" ಎಂದೆ. ತಿರುಗಲಿಲ್ಲ. ಇನ್ನೆರಡು ಸಲ ಕೂಗಿದೆ, ಮಾರು ದೂರದಿಂದ. ತಿರುಗಲಿಲ್ಲ. ಆಗ ನನಗೆ ಆದ ಭಯ ಹಿಂದಿನ ಎರಡು ದಿನದ ಭಯಕ್ಕಿಂತ ದೊಡ್ಡದು. ಭುಜ ಮುಟ್ಟಿದಾಗ ಅವಳು ಬೆಚ್ಚಿ ಕಾಯಿ ಬಿಟ್ಟಳು.

"ಹಿಂಗಾ ಬರೋದು ಕಳ್ಳನಂಗೆ?" ಎಂದವಳು, ನನ್ನ ಬಾಯಿಯನ್ನೇ ನೋಡುತ್ತ, ಸಿಕ್ಕಿಬಿದ್ದವಳಂತೆ ದನಿ ಇಳಿಸಿದಳು. "ನಿಮ್ಮಪ್ಪ ಹೋದ್ಮೇಲೆ ಇವು ಮಾತು ಬುಟ್ಟವೆ ಕಣಪ್ಪ. ದಿನಾ ಒಂದೊಂದೇ ನೋಡ್ತಾ ಇದೀನಿ. ಒಂದೂ ಬಾಯಿ ಬುಡಲ್ಲ. ಮನೇನೂ ಹಂಗೇ ಆಗೈತೆ. ಯಜಮಾನ ಹೋದ ಮನೆ ಅಲ್ವಾ, ಸುಮ್ಕಾಗೋಯ್ತು ಅಂದ್ಕಂಡೆ."

ನಾನು ಕಾಯಿಗಳ ನಡುವೆ ಕೂತುಬಿಟ್ಟೆ. ಒಂದೂವರೆ ವರ್ಷದಿಂದ ಅವಳ ಕಿವಿ ಮೆಲ್ಲಮೆಲ್ಲಗೆ ಹೋಗುತ್ತಿತ್ತು, ಅವಳು ಅದನ್ನು ವೈಧವ್ಯವೆಂದುಕೊಂಡಿದ್ದಳು. ಗಂಡ ಸತ್ತ ಮೇಲೆ ಲೋಕ ಹೀಗೆಯೇ ನಿಶ್ಶಬ್ದವಾಗುತ್ತದೆಂದು ನಂಬಿ, ಯಾರನ್ನೂ ಕೇಳದೆ, ಒಪ್ಪಿಕೊಂಡಿದ್ದಳು. ನಾವೋ? ಕೇಳಿದ್ದಕ್ಕೆಲ್ಲ ಅವಳು ನಮ್ಮ ಮುಖ ನೋಡಿ "ಹೂಂ" ಎನ್ನುತ್ತಿದ್ದುದನ್ನು, ರೇಡಿಯೋ ಹಾಕುವುದನ್ನೇ ಬಿಟ್ಟದ್ದನ್ನು, ದುಃಖದಿಂದ ಮಂಕಾಗಿದ್ದಾಳೆಂದು ಬಂದವರಿಗೆಲ್ಲ ಹೇಳಿಕೊಂಡು ಬಂದಿದ್ದೆವು. ಹಿಂದಿನ ಕೋಣೆಯ ಕೆಮ್ಮನ್ನು ಕೇಳಲು ತಂತಿ ಎಳೆದವನು, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಅವ್ವನಿಗೆ ಕಿವಿ ಕೇಳಿಸುತ್ತಿಲ್ಲವೆಂಬುದನ್ನು ತಿಳಿಯಲಿಲ್ಲ. ನನಗೆ ನನ್ನ ಮೇಲೆ ಅಸಹ್ಯವಾಯಿತು.

ಸಂಜೆ ಗಿರಿಜೆ ಬಂದ ಮೇಲೆ ಅವ್ವನನ್ನು ನನ್ನ ಕಂಪ್ಯೂಟರಿನ ಮುಂದೆ ಕೂರಿಸಿ, ಸಾಬರ ಅಂಗಡಿಯಿಂದ ತಂದ ದೊಡ್ಡ ಹೆಡ್‌ಫೋನನ್ನು ಕಿವಿಗೇರಿಸಿ, ಧ್ವನಿಯನ್ನು ತುದಿಮುಟ್ಟ ಏರಿಸಿದೆವು. ನಾನು ಅಟ್ಟ ಹತ್ತಿ, ಅಪ್ಪ ಕೂರುತ್ತಿದ್ದ ತೊಲೆಯ ಬಳಿ ಕೂತು, ಮೈಕಿನ ಮುಂದೆ ಒಂದು ಕಾಯಿ ಹಿಡಿದು ಮೂರು ಸಲ ಅಲ್ಲಾಡಿಸಿದೆ. ಪರೀಕ್ಷೆ ಬರೆದವನಂತೆ ಕಾದೆ. ಇನ್ನೊಮ್ಮೆ ಅಲ್ಲಾಡಿಸಿದೆ. ಆಗ, ಎರಡು ಕೋಣೆಯಾಚೆಯಿಂದ, ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದವಳ ಕೂಗಿನಲ್ಲಿ ಬಂತು:

"ಹೂಂ!"

ಮೇಲೆ ನಾನು ಅತ್ತದ್ದನ್ನು ಯಾರೂ ನೋಡಲಿಲ್ಲವೆಂದುಕೊಂಡಿದ್ದೆ. ಮೈಕಿತ್ತಲ್ಲ. "ಯಾಕೋ ಅಳ್ತೀಯ? ಇಳಿಸು ಕಣ್ಲಾ, ಗಿಟುಕಾಗೈತೆ" ಎಂದು ಅವ್ವ ಅಲ್ಲಿಂದಲೇ ಕೂಗಿದಳು.

ಅಟ್ಟದ ಕಾಯಿಗಳೆಲ್ಲ ಇಳಿದವು. ಒಂದಷ್ಟಕ್ಕೆ ಹುಳ ಬಿದ್ದಿತ್ತು. ಬಹುಪಾಲು ಕಮಟಾಗದೆ ಉಳಿದಿತ್ತು. ತುಮಕೂರಿನ ವೈದ್ಯರು ಅವ್ವನ ಕಿವಿಗೆ ಒಂದು ಪುಟ್ಟ ಮಿಶನ್ನು ಕೊಟ್ಟರು. ಅವಳಿಗೆ ಮನೆ ಮರಳಿ ಬಂತು. ಹಾಲಿನವನೊಡನೆ ಜಗಳ, ಗಿರಿಜೆಯ ಗೊಣಗಾಟಕ್ಕೆ ತಕ್ಕ ಜವಾಬು, ಎಲ್ಲವೂ. ಆದರೆ ದಿನಾ ಮಧ್ಯಾಹ್ನ ಊಟವಾದ ಮೇಲೆ ಅವಳು ಮಿಶನ್ನು ಕಳಚಿ ಮಡಿಲಲ್ಲಿಟ್ಟುಕೊಂಡು ನಡುಮನೆಯ ಕಂಬಕ್ಕೊರಗಿ ಕೂರುವುದನ್ನು ನಾನು ಗಮನಿಸಿದೆ. ಕಿವಿ ನೋಯುತ್ತದೇನೋ ಎಂದು ಸನ್ನೆ ಮಾಡಿ ಕೇಳಿದೆ.

"ನೋವೇನಿಲ್ಲ ಕಣಪ್ಪ" ಎಂದಳು. "ಇದನ್ನ ಹಾಕ್ಕಂಡ್ರೆ ಬರೀ ನಿಮ್ ಸದ್ದೇ ಕೇಳ್ತದೆ."

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು, ಫ್ರಿಜ್ಜು ಮೈ ಕೊಡವಿ ಸುಮ್ಮನಾಯಿತು, ಮುಂದಿನ ಕೋಣೆಯ ಸ್ಪೀಕರು ಟಪ್ಪೆಂದು ಆರಿತು. ನಾನು ಉಸಿರು ಹಿಡಿದು ನಿಂತೆ. ನನಗೆ ಏನೂ ಕೇಳಿಸಲಿಲ್ಲ. ಅವ್ವ ಕಣ್ಣು ಮುಚ್ಚಿ, ಮುಖವನ್ನು ತುಸು ಮೇಲಕ್ಕೆತ್ತಿ, ಮೂರು ಎಣಿಸುವಷ್ಟು ಹೊತ್ತು ಕಾದು, "ಹೂಂ" ಎಂದಳು. ಆ ವರ್ಷದ ಕಾಯಿಯನ್ನು ನಾವಿನ್ನೂ ಅಟ್ಟಕ್ಕೆ ಹಾಕಿರಲಿಲ್ಲ.